ಮಾತು ಬರುವ ಮೊದಲಿನ ಮಾತು: ಆಟಿಸಂ ಇರುವ ಪುಟ್ಟ ಮಗುವಿನ ಪಾಲನೆ ಕುರಿತು ಅಧ್ಯಯನ ಟಿಪ್ಪಣಿ

ಈ ಟಿಪ್ಪಣಿಯು ಸುಮಾರು ಎರಡರಿಂದ ಆರು ವರ್ಷದವರೆಗಿನ, ಆಟಿಸಂ ಇರುವ ಮಕ್ಕಳನ್ನು ಮನೆಯಲ್ಲಿ ಬೆಳೆಸುವುದಕ್ಕೆ ಸಂಬಂಧಿಸಿದ್ದು. ವಿಶೇಷ ಶಿಕ್ಷಣವನ್ನೋ ಮಕ್ಕಳ ಬೆಳವಣಿಗೆಯನ್ನೋ ಅಭ್ಯಾಸ ಮಾಡುತ್ತಿರುವ ಸಹಪಾಠಿಗಳನ್ನೂ, ಮಗುವನ್ನು ಎದುರಿಗಿಟ್ಟುಕೊಂಡೇ ಕಲಿಯುತ್ತಿರುವ ತಂದೆತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮೊದಲಿಗೆ ಹೆಸರಿನ ವಿಚಾರ. ನಮ್ಮ ಪಠ್ಯಗಳಲ್ಲಿ ಆಟಿಸಂಗೆ 'ಸ್ವಲೀನತೆ' ಎಂಬ ಪದವಿದೆ. ಮೂಲ ಪದದ ಅರ್ಥವೂ ಅದೇ ದಿಕ್ಕಿನದು. 'ತಾನು' ಎಂಬರ್ಥದ ಗ್ರೀಕ್ ಶಬ್ದದಿಂದ ಅದನ್ನು ರೂಪಿಸಿದ ಸ್ವಿಸ್ ಮನೋವೈದ್ಯ ಯೂಜೀನ್ ಬ್ಲಾಯ್ಲರ್ ಸ್ಕಿಜೋಫ್ರೇನಿಯಾದ ಒಂದು ಲಕ್ಷಣವನ್ನು ಸೂಚಿಸಲು ಬಳಸಿದ್ದರು. ತನ್ನಲ್ಲೇ ಲೀನವಾದ ಮಗು ಎಂಬ ಈ ಚಿತ್ರ ಕಲಿಯುವವರ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಇಂಥ ಮಕ್ಕಳಲ್ಲಿ ಬಹುಪಾಲು ಮಕ್ಕಳು ದಿನವಿಡೀ ನಮಗೆ ಏನನ್ನೋ ಹೇಳುತ್ತಲೇ ಇರುತ್ತಾರೆ. ಅವರು ಹೇಳುವ ಬಗೆಯನ್ನು ಓದಲು ನಮಗೆ ಬರುವುದಿಲ್ಲ. ಆ ಓದನ್ನು ಕಲಿಯುವುದೇ ಪಾಲನೆಯ ಮೊದಲ ಕೆಲಸವೆಂದು ಭಾವಿಸಿ ಮುಂದಿನ ಭಾಗಗಳನ್ನು ಜೋಡಿಸಿದ್ದೇನೆ.

ಇತಿಹಾಸವನ್ನು ಇಲ್ಲಿ ಚುಟುಕಾಗಿ ನೋಡಬೇಕಾದ ಕಾರಣ ಒಂದೇ: ಮಗುವಿಗೆ ಆಟಿಸಂ ಇದೆಯೆಂದು ತಿಳಿದ ದಿನ ತಾಯಿತಂದೆ ಕೇಳಿಕೊಳ್ಳುವ ಮೊದಲ ಪ್ರಶ್ನೆ 'ನಮ್ಮಿಂದ ಏನು ತಪ್ಪಾಯಿತು' ಎಂಬುದು. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ವಿವರಿಸಿದ ಪ್ರಬಂಧದಿಂದ ಆಟಿಸಂ ಒಂದು ಪ್ರತ್ಯೇಕ ಸ್ಥಿತಿಯಾಗಿ ಗುರುತಿಸಲ್ಪಟ್ಟಿತು. ಅದರ ಬೆನ್ನಿಗೇ, ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತೆಂಬ ಆಧಾರವಿಲ್ಲದ ವಾದ ಹರಡಿ, ಎರಡು ದಶಕಗಳಿಗೂ ಹೆಚ್ಚು ಕಾಲ ಅಸಂಖ್ಯ ತಾಯಂದಿರನ್ನು ಸುಟ್ಟಿತು. 1977ರಲ್ಲಿ ಸೂಸನ್ ಫೋಲ್ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಅವರು ಇಪ್ಪತ್ತೊಂದು ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದಾಗ, ಒಂದೇ ಅಂಡದಿಂದ ಹುಟ್ಟಿದ ಹನ್ನೊಂದು ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಹತ್ತು ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಆಟಿಸಂನ ಬೇರು ಬಹುಮಟ್ಟಿಗೆ ಅನುವಂಶೀಯವೆಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಗುತ್ತ ಬಂದಿದೆ. ಲಸಿಕೆಯ ಮಾತು ಇನ್ನೂ ಕೇಳಿಬರುವುದರಿಂದ ಅದನ್ನೂ ಹೇಳಿಬಿಡುತ್ತೇನೆ: ದಡಾರ ಲಸಿಕೆಗೂ ಆಟಿಸಂಗೂ ಸಂಬಂಧ ಕಲ್ಪಿಸಿದ 1998ರ ಪ್ರಬಂಧ ಹನ್ನೆರಡು ಮಕ್ಕಳನ್ನಷ್ಟೇ ಆಧರಿಸಿತ್ತು, 2010ರಲ್ಲಿ ಪತ್ರಿಕೆಯೇ ಅದನ್ನು ಹಿಂಪಡೆಯಿತು, ಮತ್ತು ಅನಂತರ ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ.

2013ರಲ್ಲಿ ಪ್ರಕಟವಾದ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯದ ಡಿಎಸ್‌ಎಂ-5 ಕೈಪಿಡಿಯು ಆಟಿಸಂನಲ್ಲಿ ಎರಡು ಕ್ಷೇತ್ರಗಳನ್ನು ಗುರುತಿಸುತ್ತದೆ. ಮೊದಲನೆಯದು ಸಾಮಾಜಿಕ ಸಂವಹನದಲ್ಲಿನ ಭಿನ್ನತೆ. ಎರಡನೆಯದು ಸೀಮಿತ ಆಸಕ್ತಿ ಹಾಗೂ ಮತ್ತೆಮತ್ತೆ ಮಾಡುವ ವರ್ತನೆ. ಸದ್ದು, ಬೆಳಕು, ಸ್ಪರ್ಶ, ವಾಸನೆಗಳಿಗೆ ಮಗು ಅತಿಯಾಗಿಯೋ ತೀರ ಕಡಿಮೆಯಾಗಿಯೋ ಸ್ಪಂದಿಸುವುದನ್ನು ಈ ಎರಡನೆಯ ಕ್ಷೇತ್ರದಲ್ಲಿ ಸೇರಿಸಿದ್ದು ಆ ಆವೃತ್ತಿಯ ಮುಖ್ಯ ಬದಲಾವಣೆ. ಆಟಿಸಂನ ಹೆಸರಿನೊಂದಿಗೆ ಬರುವ 'ಸ್ಪೆಕ್ಟ್ರಂ' ಎಂಬ ಪದವನ್ನು ಕಡಿಮೆಯಿಂದ ಹೆಚ್ಚಿಗೆ ಎಳೆದ ಒಂದು ಗೆರೆಯೆಂದು ಓದಬಾರದು. ಚೆನ್ನಾಗಿ ಮಾತನಾಡುವ ಮಗುವಿಗೆ ಮಿಕ್ಸಿಯ ಸದ್ದು ಸಹಿಸಲಾಗದ ನೋವು ಕೊಡಬಹುದು; ಒಂದು ಪದವನ್ನೂ ಆಡದ ಮಗು ಜನ ತುಂಬಿದ ಕೋಣೆಯಲ್ಲಿ ನಿರಾಳವಾಗಿ ಕುಳಿತಿರಬಹುದು.

ಬೆರಳು ತೋರಿಸುವುದು

ಆರಂಭಿಕ ಲಕ್ಷಣಗಳಲ್ಲಿ ನಾನು ಅತಿ ಹೆಚ್ಚು ಸಮಯ ಕಳೆದದ್ದು ಬೆರಳು ತೋರಿಸುವ ಪುಟ್ಟ ಕ್ರಿಯೆಯ ಮೇಲೆ. ಸಾಮಾನ್ಯವಾಗಿ ಮಕ್ಕಳು ಒಂದು ವರ್ಷದ ಆಚೀಚೆ ಎರಡು ಕಾರಣಗಳಿಗೆ ಬೆರಳು ತೋರಿಸುತ್ತಾರೆ. ಎತ್ತರದಲ್ಲಿರುವ ಚೆಂಡನ್ನು ತೋರಿಸಿದರೆ 'ಅದು ಬೇಕು' ಎಂದರ್ಥ. ಆಕಾಶದಲ್ಲಿ ಹಾರುವ ಹಕ್ಕಿಯನ್ನು ತೋರಿಸಿ ತಾಯಿಯ ಮುಖ ನೋಡಿದರೆ ಬೇಕೆನ್ನುವುದು ಏನೂ ಇಲ್ಲ. 'ನಾನು ನೋಡಿದ್ದನ್ನು ನೀನೂ ನೋಡು' ಎಂಬುದಷ್ಟೇ ಅದರ ಅರ್ಥ. ಗಮನವನ್ನು ಹಂಚಿಕೊಳ್ಳುವ ಈ ಎರಡನೆಯ ಬಗೆಯೇ ಆಟಿಸಂ ಇರುವ ಮಕ್ಕಳಲ್ಲಿ ತಡವಾಗುವುದು ಅಥವಾ ವಿರಳವಾಗುವುದು. ಮಗು ಪದಗಳನ್ನು ಕಲಿಯುವುದು ಹೆಚ್ಚಾಗಿ ಇಂಥ ಹಂಚಿಕೊಂಡ ಗಮನದ ಗಳಿಗೆಗಳಲ್ಲಿ ಆದ್ದರಿಂದ ಇದರ ಪರಿಣಾಮ ಮಾತಿನ ಬೆಳವಣಿಗೆಯವರೆಗೂ ಹೋಗುತ್ತದೆ. ಬೆರಳು ತೋರಿಸದ ಮಗು ದೊಡ್ಡವರ ಮಣಿಕಟ್ಟನ್ನು ಹಿಡಿದು ಬಾಗಿಲ ಚಿಲಕದ ಮೇಲಿಡುವುದನ್ನು ಅನೇಕ ಮನೆಯವರು ಗಮನಿಸಿರುತ್ತಾರೆ. ನಮ್ಮ ಕೈಯನ್ನು ಒಂದು ಸಲಕರಣೆಯಂತೆ ಬಳಸುತ್ತದೆ ಎಂದು ವರದಿಗಳಲ್ಲಿ ಬರೆಯುವುದುಂಟು. ಅದು ಪೂರ್ಣ ವಾಕ್ಯವೊಂದಕ್ಕೆ ಸಮನಾದ ಕೋರಿಕೆಯೂ ಹೌದೆಂಬುದನ್ನು ಅದೇ ವರದಿಯಲ್ಲಿ ಬರೆಯುವ ಅಭ್ಯಾಸ ನಮಗೆ ಬರಬೇಕು.

ಎಂ-ಚಾಟ್-ಆರ್ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿಯನ್ನು ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿ ಬಳಸುತ್ತಾರೆ. ಅದು ಮುಂದಿನ ಪರೀಕ್ಷೆ ಯಾರಿಗೆ ಬೇಕೆಂದು ಗುರುತಿಸುವ ಸಾಧನ, ರೋಗನಿರ್ಣಯವಲ್ಲ. ಹೆಸರು ಕರೆದರೆ ತಿರುಗದ ಮಗುವಿಗೆ ಮೊದಲು ಶ್ರವಣ ಪರೀಕ್ಷೆ ಆಗಲೇಬೇಕು. ಪೂರ್ಣ ಮೌಲ್ಯಮಾಪನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿ ಬಂದರೂ ಮನೆಯಲ್ಲಿ ಮಾಡಬಹುದಾದ ಕೆಲಸಕ್ಕೆ ಪ್ರಮಾಣಪತ್ರದ ಅಗತ್ಯವಿಲ್ಲ.

ಆ ಕೆಲಸವನ್ನು ಒಂದು ಉದಾಹರಣೆಯಿಂದ ನೋಡೋಣ. ಮಗು ಆಟಿಕೆ ಕಾರನ್ನು ಮಗುಚಿ ಹಾಕಿ ಅದರ ಗಾಲಿಯನ್ನು ತಿರುಗಿಸುತ್ತ ಕುಳಿತಿದೆ. ಕಾರನ್ನು ನೆಟ್ಟಗಿಟ್ಟು 'ಹೀಗೆ ಓಡಿಸಬೇಕು' ಎಂದು ತೋರಿಸುವುದು ನಮಗೆ ಸಹಜವಾಗಿ ಬರುತ್ತದೆ. ಮಗು ಎದ್ದು ಹೋಗುತ್ತದೆ. ಹಾಗೆ ಮಾಡದೆ ಮಗುವಿನ ಎದುರು, ಅದರ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕುಳಿತು, ಇನ್ನೊಂದು ಕಾರಿನ ಗಾಲಿಯನ್ನು ನಾವೂ ತಿರುಗಿಸಿ, 'ಗಾಲಿ ತಿರುಗ್ತಿದೆ' ಎಂಬ ಎರಡೇ ಪದ ಹೇಳಿ, ಸುಮ್ಮನೆ ಕಾಯಬೇಕು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವಷ್ಟು ಹೊತ್ತು ಕಾಯುವುದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಮೌನವನ್ನು ಮಾತಿನಿಂದ ತುಂಬುವ ಚಟ ದೊಡ್ಡವರದು. ಆ ಬಿಡುವಿನಲ್ಲಿ ಮಗು ಓರೆಗಣ್ಣಿನಲ್ಲಿ ನಮ್ಮ ಗಾಲಿಯನ್ನು ನೋಡಿದರೂ ಅದು ಉತ್ತರವೇ.

ಇದರ ಹಿಂದೆ ಗಟ್ಟಿಯಾದ ಸಾಕ್ಷ್ಯವೂ ಇದೆ. ಬ್ರಿಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ಯಾಕ್ಟ್ ಪ್ರಯೋಗದಲ್ಲಿ ಐದು ವರ್ಷದೊಳಗಿನ 152 ಮಕ್ಕಳಿದ್ದರು. ಅಲ್ಲಿ ಚಿಕಿತ್ಸಕರು ಮಗುವಿಗೆ ನೇರವಾಗಿ ಪಾಠ ಮಾಡಲಿಲ್ಲ. ಪೋಷಕರು ಮಗುವಿನೊಡನೆ ಆಡಿದ್ದನ್ನು ವಿಡಿಯೋ ಮಾಡಿ, ಮಗು ಕೊಟ್ಟ ಯಾವ ಸೂಚನೆ ಕಣ್ತಪ್ಪಿತು, ಯಾವುದಕ್ಕೆ ಸರಿಯಾಗಿ ಸ್ಪಂದಿಸಿದಿರಿ ಎಂಬುದನ್ನು ಪೋಷಕರೊಂದಿಗೆ ಕೂತು ನೋಡಿದರು. ಆಗ, ಈ ತರಬೇತಿ ಸಿಗದ ಗುಂಪಿಗೆ ಹೋಲಿಸಿದರೆ, ಆಟಿಸಂನ ಲಕ್ಷಣಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಆದರೆ ಪೋಷಕರ ಸ್ಪಂದನೆಯೂ ಮಗು ತಾನಾಗಿ ಸಂವಹನ ಆರಂಭಿಸುವುದೂ ಸುಧಾರಿಸಿದ್ದವು. ಸುಮಾರು ಆರು ವರ್ಷಗಳ ಬಳಿಕ ಅದೇ ಮಕ್ಕಳನ್ನು ಮತ್ತೆ ನೋಡಿದ ಸಂಶೋಧಕರು, ಈ ತರಬೇತಿ ಪಡೆದ ಗುಂಪಿನಲ್ಲಿ ಲಕ್ಷಣಗಳ ತೀವ್ರತೆ ಕಡಿಮೆಯಿರುವುದನ್ನು 2016ರಲ್ಲಿ ವರದಿ ಮಾಡಿದರು.

ಮರುನುಡಿ

ಕೇಳಿದ ಮಾತನ್ನು ಹಾಗೆಯೇ ತಿರುಗಿ ಹೇಳುವುದಕ್ಕೆ ಎಕೋಲಾಲಿಯಾ ಎನ್ನುತ್ತಾರೆ. ನಾನಿಲ್ಲಿ ಮರುನುಡಿ ಎಂದು ಬಳಸುತ್ತೇನೆ. ಬಹಳ ಕಾಲ ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ಪರಿಗಣಿಸಿ ನಿಲ್ಲಿಸಲು ಯತ್ನಿಸುತ್ತಿದ್ದರು. ಬ್ಯಾರಿ ಪ್ರಿಜೆಂಟ್ ಮತ್ತು ಜುಡಿತ್ ಡ್ಯುಕನ್ 1981ರಲ್ಲಿ ಪ್ರಕಟಿಸಿದ ಅಧ್ಯಯನ, ಮರುನುಡಿಯ ಹಿಂದೆ ಸರದಿ ಪಾಲಿಸುವುದು, ಕೇಳುವುದು, ಒಪ್ಪುವುದು, ತನ್ನನ್ನು ತಾನೇ ನಡೆಸಿಕೊಳ್ಳುವುದು ಮುಂತಾದ ಉದ್ದೇಶಗಳಿರುವುದನ್ನು ತೋರಿಸಿತು.

ಕನ್ನಡದಲ್ಲಿ ಇದು ಹೇಗೆ ಕಾಣುತ್ತದೆ ಎಂಬುದನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಇಂಗ್ಲಿಷ್ ಪಠ್ಯಗಳು 'ನಾನು' ಎನ್ನಬೇಕಾದಲ್ಲಿ ಮಗು 'ನೀನು' ಎನ್ನುವ ಸರ್ವನಾಮದ ಅದಲುಬದಲನ್ನು ಪ್ರಸ್ತಾಪಿಸುತ್ತವೆ. ನಾವು ಮಕ್ಕಳೊಡನೆ ಮಾತನಾಡುವಾಗ ಸರ್ವನಾಮವನ್ನು ಬಿಟ್ಟುಬಿಡುವುದೇ ಹೆಚ್ಚು. ಆದ್ದರಿಂದ ಅದಲುಬದಲು ಕ್ರಿಯಾಪದದ ಕೊನೆಯಲ್ಲಿ ಅಡಗಿರುತ್ತದೆ. ಬಾಯಾರಿದ ಮಗು 'ನೀರು ಬೇಕಾ?' ಎಂದು ನಮ್ಮನ್ನೇ ಕೇಳುತ್ತದೆ. ಮಲಗಬೇಕೆನಿಸಿದಾಗ 'ಮಲಗ್ತೀಯಾ?' ಎನ್ನುತ್ತದೆ. ಅದು ಪ್ರಶ್ನೆಯಲ್ಲ, ನೀರು ಸಿಕ್ಕಿದ ಗಳಿಗೆಯಲ್ಲಿ ಕೇಳಿಸಿದ್ದ ಮಾತನ್ನು ಮಗು ಇಡಿಯಾಗಿ ಎತ್ತಿಟ್ಟುಕೊಂಡು ಸರಿಯಾದ ಸಂದರ್ಭಕ್ಕೇ ತೆಗೆದಿದೆ. 'ಹಾಗಲ್ಲ, ಸರಿಯಾಗಿ ಹೇಳು' ಎಂದು ತಿದ್ದಿದರೆ ಮಗು 'ಸರಿಯಾಗಿ ಹೇಳು' ಎಂಬುದನ್ನೂ ಮರುನುಡಿಯಬಹುದು. ಮಗುವಿನ ಬಾಯಿಂದ ಬರಬೇಕಾದ ರೂಪದಲ್ಲೇ 'ನೀರು ಬೇಕು' ಎಂದು ನಾವು ಹೇಳಿ, ಒಡನೆಯೇ ನೀರು ಕೊಟ್ಟರೆ, ಮುಂದಿನ ಸಲ ಎತ್ತಿಟ್ಟುಕೊಳ್ಳಲು ಅದಕ್ಕೆ ಹೆಚ್ಚು ಉಪಯೋಗದ ವಾಕ್ಯ ಸಿಗುತ್ತದೆ. ಈ ಕಾರಣಕ್ಕೇ ದಿನದ ಮಾತಿನಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಿ, ಕಂಡದ್ದನ್ನು ಹೇಳುವ ವಾಕ್ಯಗಳನ್ನು ಹೆಚ್ಚಿಸುವುದು ಒಳ್ಳೆಯದು.

ಎರಡು ಭಯಗಳ ಬಗ್ಗೆ ಇಲ್ಲಿಯೇ ಹೇಳಬೇಕು. ಚಿತ್ರ ಕೊಟ್ಟು ಕೇಳುವುದನ್ನು ಕಲಿಸಿದರೆ ಮಗು ಮಾತೇ ಕಲಿಯುವುದಿಲ್ಲವೆಂಬುದು ಒಂದು. ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ಆರಂಭಿಸಿದ ಪೆಕ್ಸ್ ಪದ್ಧತಿಯಲ್ಲಿ ಮಗು ತನಗೆ ಬೇಕಾದ ವಸ್ತುವಿನ ಚಿತ್ರವನ್ನು ಎದುರಿನವರ ಕೈಗೆ ಕೊಟ್ಟು ವಸ್ತುವನ್ನು ಪಡೆಯುತ್ತದೆ. ಇಂಥ ಪೂರಕ ಸಂವಹನ ಸಾಧನಗಳು ಮಾತನ್ನು ತಡೆಯುವುದಿಲ್ಲ, ಕೆಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಿದೆ ಎಂಬುದನ್ನು 2006ರ ಸಂಶೋಧನಾ ವಿಮರ್ಶೆಯೊಂದು ತೋರಿಸಿದೆ. ಎರಡನೆಯದು, ಎರಡು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲಗೊಳ್ಳುತ್ತದೆಂಬ ಭಯ. ಇದಕ್ಕೆ ಅಧ್ಯಯನಗಳ ಬೆಂಬಲವಿಲ್ಲ. ತಾಯಿಗೆ ಹೃದಯದಿಂದ ಬರುವ ಭಾಷೆಯನ್ನು ಬಿಡಿಸಿ, ಆಕೆಗೆ ಅರ್ಧಂಬರ್ಧ ಬರುವ ಭಾಷೆಯಲ್ಲಿ ಮಗುವಿನೊಡನೆ ಮಾತನಾಡಲು ಹೇಳುವ ಸಲಹೆಯನ್ನು ನಾವು ಯಾರೂ ಕೊಡಬಾರದು.

ರಂಪವೆಂದು ಕಾಣುವುದು

ಮಗು ನೆಲಕ್ಕೆ ಬಿದ್ದು ಕಿರುಚುವುದು, ತಲೆ ಚಚ್ಚಿಕೊಳ್ಳುವುದು, ಕಚ್ಚುವುದು ಮನೆಯವರನ್ನು ಅತ್ಯಂತ ಹೆಚ್ಚು ದಣಿಸುವ ಸಂಗತಿಗಳು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿಕೊಟ್ಟ ತತ್ತ್ವ ಇಂದಿಗೂ ಈ ವಿಷಯದ ಅಡಿಗಲ್ಲು: ಇಂಥ ವರ್ತನೆಯಿಂದ ಮಗು ಏನನ್ನು ಪಡೆಯುತ್ತಿದೆಯೆಂದು ಕಂಡುಕೊಂಡು, ಅದನ್ನೇ ಕೇಳುವ ಸುಲಭದ ದಾರಿಯನ್ನು ಕಲಿಸಿದರೆ ವರ್ತನೆ ಇಳಿಯುತ್ತದೆ. ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳಲು ಕಚ್ಚುವ ಮಗುವಿಗೆ 'ಸಹಾಯ ಬೇಕು' ಎನ್ನುವ ಚಿತ್ರವೋ ಸನ್ನೆಯೋ ಸಿಗಬೇಕು. ನಮ್ಮ ಗಮನ ಸೆಳೆಯಲು ವಸ್ತು ಎಸೆಯುವ ಮಗುವಿಗೆ ನಮ್ಮ ಭುಜ ತಟ್ಟುವುದನ್ನು ಕಲಿಸಬೇಕು. ಕಾರಣ ಗೊತ್ತಿಲ್ಲದೆ ಒಂದೇ ಮದ್ದನ್ನು ಎಲ್ಲದಕ್ಕೂ ಬಳಸಿದರೆ ಎಡವಟ್ಟಾಗುತ್ತದೆ. ತಪ್ಪಿಸಿಕೊಳ್ಳಲೆಂದು ಕಿರುಚಿದ ಮಗುವನ್ನು ಶಿಕ್ಷೆಯಾಗಿ ಕೋಣೆಯಿಂದ ಹೊರಗೆ ಕಳುಹಿಸಿದರೆ ಅದು ಕೇಳಿದ್ದನ್ನೇ ಕೊಟ್ಟಂತಾಗುತ್ತದೆ. ಹಿಂದೆ ಏನಾಯಿತು, ಮಗು ಏನು ಮಾಡಿತು, ಅನಂತರ ಏನಾಯಿತು ಎಂದು ಒಂದೆರಡು ವಾರ ದಿನಚರಿ ಬರೆದಿಟ್ಟರೆ ಕಾರಣ ಬಹುಪಾಲು ತಾನಾಗಿಯೇ ಹೊರಬರುತ್ತದೆ.

ಆದರೆ ಇದಾವುದೂ ಅನ್ವಯಿಸದ ಒಂದು ಸ್ಥಿತಿಯಿದೆ. ಅದನ್ನು ಮೆಲ್ಟ್‌ಡೌನ್ ಎನ್ನುತ್ತಾರೆ. ಹಠ ಹಿಡಿದ ಮಗು ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ, ನಾವು ನೋಡುತ್ತಿದ್ದೇವೆಯೇ ಎಂದು ನಡುನಡುವೆ ಗಮನಿಸುತ್ತದೆ. ಸದ್ದು, ಬೆಳಕು, ಜನ, ದಿಢೀರ್ ಬದಲಾವಣೆಗಳ ಒತ್ತಡ ತಾಳಲಾರದಷ್ಟಾಗಿ ಒಡೆದುಹೋದ ಮಗುವಿಗೆ ಏನು ಕೊಟ್ಟರೂ ನಿಲ್ಲಿಸಲಾಗುವುದಿಲ್ಲ, ಏಕೆಂದರೆ ಹಿಡಿತ ಅದರ ಕೈಯಲ್ಲಿಲ್ಲ. ಆಗ ಬುದ್ಧಿಮಾತು ಇನ್ನೊಂದು ಸದ್ದಾಗುತ್ತದೆ. ಬೆಳಕು ತಗ್ಗಿಸಿ, ಜನರನ್ನು ದೂರ ಕಳುಹಿಸಿ, ಪೆಟ್ಟಾಗದಂತೆ ನೋಡಿಕೊಂಡು, ಮಾತಿಲ್ಲದೆ ಹತ್ತಿರದಲ್ಲಿರುವುದೇ ಆ ಹೊತ್ತಿಗೆ ಬೇಕಾದದ್ದು. ಇದ್ದಕ್ಕಿದ್ದಂತೆ ವರ್ತನೆ ಬದಲಾದರೆ ಮೊದಲು ನೋವನ್ನು ಹುಡುಕಬೇಕೆಂಬುದನ್ನೂ ಕಲಿಯುವವರು ಅಡಿಗೆರೆ ಹಾಕಿಟ್ಟುಕೊಳ್ಳಬೇಕು: ಕಿವಿನೋವು, ಹಲ್ಲುನೋವು, ಮಲಬದ್ಧತೆಗಳನ್ನು ಹೇಳಲು ಬಾರದ ಮಗು ಅವನ್ನು ತಲೆ ಚಚ್ಚಿಕೊಂಡು ಹೇಳಬಹುದು.

ತಡೆಯುವ ದಾರಿಗಳಲ್ಲಿ ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಸಾಲಾಗಿ ಅಂಟಿಸುವುದು, 'ಮೊದಲು ಇದು, ಆಮೇಲೆ ಅದು' ಎಂಬ ಎರಡು ಚಿತ್ರಗಳ ಹಲಗೆ, ಸದ್ದು ತಗ್ಗಿಸುವ ಹೆಡ್‌ಫೋನ್ ಮುಖ್ಯವಾದವು. ಮಾತು ಹೇಳಿದ ಕೂಡಲೇ ಗಾಳಿಯಲ್ಲಿ ಕರಗುತ್ತದೆ. ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ. ನಿದ್ದೆ ಮತ್ತು ಊಟದ ತೊಂದರೆಗಳು ಆಟಿಸಂನಲ್ಲಿ ಬಹಳ ಸಾಮಾನ್ಯ, ಅವಕ್ಕೆ ಪ್ರತ್ಯೇಕ ಟಿಪ್ಪಣಿಯೇ ಬೇಕು. ಕೆಲವೇ ಬಗೆಯ ಆಹಾರ ತಿನ್ನುವ ಮಗುವಿಗೆ ಒತ್ತಾಯದಿಂದ ತುರುಕಿದರೆ ಇರುವ ಪಟ್ಟಿಯೂ ಕುಗ್ಗಬಹುದೆಂದಷ್ಟೇ ಇಲ್ಲಿ ಹೇಳುತ್ತೇನೆ.

ಚಿಕಿತ್ಸೆಯನ್ನು ಆರಿಸುವಾಗ

1987ರಲ್ಲಿ ಇವಾರ್ ಲೋವಾಸ್ ವಾರಕ್ಕೆ ನಲವತ್ತು ಗಂಟೆಗಳ ವರ್ತನಾ ತರಬೇತಿ ಪಡೆದ ಹತ್ತೊಂಬತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಸಾಮಾನ್ಯ ತರಗತಿಗೆ ಸೇರಿದರೆಂದು ವರದಿ ಮಾಡಿದರು. ಅಲ್ಲಿ ಮಕ್ಕಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಗುಂಪುಗಳಿಗೆ ಹಂಚಿರಲಿಲ್ಲ, ದಂಡನೆಯ ಬಳಕೆಯೂ ಇತ್ತು. ಆ ನಲವತ್ತರ ಸಂಖ್ಯೆ ಮಾತ್ರ ಇಂದಿಗೂ ಪೋಷಕರ ಮೇಲೆ ಹೊರೆಯಾಗಿ ಕುಳಿತಿದೆ. ಸ್ಯಾಲಿ ರೋಜರ್ಸ್ ಮತ್ತು ಜೆರಾಲ್ಡೀನ್ ಡಾಸನ್ ರೂಪಿಸಿದ ಅರ್ಲಿ ಸ್ಟಾರ್ಟ್ ಡೆನ್ವರ್ ಮಾದರಿಯಂಥ ಅನಂತರದ ಪದ್ಧತಿಗಳು ಕಲಿಕೆಯನ್ನು ಆಟದೊಳಗೆ, ಮಗುವಿನ ಆಯ್ಕೆಯ ಬೆನ್ನುಹತ್ತಿ ನಡೆಸುತ್ತವೆ. ಪೂರ್ತಿ ಗುಣಪಡಿಸುತ್ತೇವೆಂಬ ಭರವಸೆ ಎಲ್ಲಿ ಸಿಕ್ಕರೂ ಅಲ್ಲಿಂದ ಎದ್ದು ಬರಬೇಕು. ದೇಹದಿಂದ ಲೋಹ ತೆಗೆಯುತ್ತೇವೆಂದು ಕೊಡುವ ಕೀಲೇಷನ್ ಔಷಧಿಗಳಿಂದ ಆಟಿಸಂಗೆ ಪ್ರಯೋಜನವಿಲ್ಲ, ಜೀವಕ್ಕೆ ಅಪಾಯವಿದೆ.

ಚಿಕಿತ್ಸೆಯನ್ನು ನೋಡಲು ಹೋದಾಗ ನಾನು ಮೊದಲು ಗಮನಿಸುವುದು, ಅಲ್ಲಿ ಮಗುವಿಗೆ 'ಬೇಡ' ಎನ್ನಲು ಕಲಿಸುತ್ತಾರೆಯೇ ಎಂಬುದನ್ನು. ಕಣ್ಣಲ್ಲಿ ಕಣ್ಣಿಟ್ಟು ನೋಡಲು, ಕೈ ಕಟ್ಟಿ ಕೂರಲು ಒತ್ತಾಯಿಸುವ ಕಡೆ ಈ ಪದ ಪಾಠಪಟ್ಟಿಯಲ್ಲಿ ಇರುವುದಿಲ್ಲ. ಮನೆಯಲ್ಲಿ ಇದನ್ನು ಕಲಿಸಲು ಮಗುವಿಗೆ ಇಷ್ಟವಿಲ್ಲದ ವಸ್ತುವನ್ನು ನೀಡಬೇಕು. ಮಗು ಕೈ ತಳ್ಳುವ ಮೊದಲೇ ನಾವು ತಲೆಯಾಡಿಸುತ್ತ 'ಬೇಡ' ಎಂದು ಹೇಳಿಕೊಟ್ಟು, ಕೂಡಲೇ ಅದನ್ನು ತೆಗೆದುಬಿಡಬೇಕು. ಮೊದಲ ವಾರಗಳಲ್ಲಿ ಮಗು ಹೇಳಿದ ಪ್ರತಿಯೊಂದು 'ಬೇಡ'ಕ್ಕೂ ಬೆಲೆ ಸಿಕ್ಕರೆ ಮಾತ್ರ ಆ ಪದ ಕಚ್ಚುವುದರ ಜಾಗವನ್ನು ತೆಗೆದುಕೊಳ್ಳುತ್ತದೆ. ಔಷಧಿಯಂಥ, ಬಿಡಲಾಗದ ಸಂದರ್ಭ ಬಂದಾಗಲೂ 'ಬೇಡ ಅಂದೆ, ಕೇಳಿಸಿತು. ಒಂದು ಚಮಚ, ಆಮೇಲೆ ಮುಗೀತು' ಎಂದು ಹೇಳಿ, ಒಂದೇ ಚಮಚಕ್ಕೆ ನಿಲ್ಲಿಸಿ, ಮುಗಿದದ್ದನ್ನು ಖಾಲಿ ಚಮಚ ತೋರಿಸಿಯೇ ತಿಳಿಸಬೇಕು.