ಬೆಲ್ಟ್ ಕಳಚಿಕೊಂಡು ಓಡುವ ಮುಧೋಳ ನಾಯಿಗೆ ಯಾವ ಬೆಲ್ಟ್ ಸರಿ?

ಪ್ರಶ್ನೆ: ನಮ್ಮದು ಒಂದೂವರೆ ವರ್ಷದ ಮುಧೋಳ ನಾಯಿ. ವಾಕಿಂಗ್ ಹೋದಾಗ ಲಾರಿ ಹಾರ್ನ್ ಕೇಳಿದರೆ ಸಾಕು, ಹಿಂದಕ್ಕೆ ಜಗ್ಗಿ ಬೆಲ್ಟ್‌ನಿಂದ ತಲೆ ಕಳಚಿಕೊಂಡು ಓಡುತ್ತದೆ. ಬಿಗಿ ಮಾಡಿದರೆ ಕೆಮ್ಮುತ್ತದೆ. ಅಂಗಡಿಯವರು ಎಳೆದರೆ ಕೊರಳಿಗೆ ಬಿಗಿಯುವ ಚೋಕ್ ಚೈನ್ ಹಾಕಿ ಅಂತಾರೆ. ಯಾವುದು ಸರಿ? ಉಣುಗಿಗೆ ಅಂತ ಸಿಗುವ ಬೆಲ್ಟನ್ನೂ ಜೊತೆಗೆ ಹಾಕಬಹುದಾ?

ಉತ್ತರ: ನಿಮ್ಮ ನಾಯಿಗೆ ಬೇಕಿರುವುದು ಮಾರ್ಟಿಂಗೇಲ್ ಬೆಲ್ಟ್. ಒಂದೂವರೆಯಿಂದ ಎರಡು ಇಂಚು ಅಗಲದ್ದು ತನ್ನಿ. ಚೋಕ್ ಚೈನ್ ಅಂತೂ ಬೇಡ.

ನಾಯಿ ನುಸುಳಿಕೊಳ್ಳುವುದು ನೀವು ಬೆಲ್ಟ್ ಸಡಿಲ ಬಿಟ್ಟಿದ್ದಕ್ಕಲ್ಲ, ಅದರ ಮೈಕಟ್ಟೇ ಹಾಗಿದೆ. ಲ್ಯಾಬ್ರಡಾರ್ ತಲೆ ಅಗಲ, ಕೆನ್ನೆ ದಪ್ಪ. ಕೊರಳಲ್ಲಿದ್ದ ಬೆಲ್ಟ್ ತಲೆ ದಾಟಿ ಬರುವುದು ಸುಲಭವಲ್ಲ. ಮುಧೋಳ ನಾಯಿ ಮೊಲದ ಹಿಂದೆ ಬೀಳಲೆಂದೇ ಬೆಳೆಸಿದ ತಳಿ. ತಲೆ ಸಪೂರ, ಕೊರಳು ಉದ್ದ. ತಲೆಯ ಸುತ್ತಳತೆಗೂ ಕೊರಳಿನ ಸುತ್ತಳತೆಗೂ ಹೆಚ್ಚು ವ್ಯತ್ಯಾಸವೇ ಇರುವುದಿಲ್ಲ. ಗ್ರೇಹೌಂಡ್, ಸಲೂಕಿ, ನಮ್ಮ ಪಶ್ಮಿ, ತಮಿಳುನಾಡಿನ ಚಿಪ್ಪಿಪಾರೈ ಎಲ್ಲಕ್ಕೂ ಇದೇ ತೊಂದರೆ.

ಮುಂದಿನ ಸಲ ಕಳಚಿಕೊಳ್ಳುವಾಗ ಸ್ವಲ್ಪ ಗಮನಿಸಿ. ನಾಯಿ ಮೊದಲು ನಿಮ್ಮ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಮುಂಗಾಲು ಊರಿ ತಲೆ ತಗ್ಗಿಸುತ್ತದೆ. ನೀವು ಹಗ್ಗ ಎಳೆಯುತ್ತೀರಿ, ಅದು ಹಿಂದಕ್ಕೆ ಸರಿಯುತ್ತದೆ. ಬೆಲ್ಟ್ ಮೇಲಕ್ಕೆ ಜಾರಿ ಕಿವಿಗಳ ಹಿಂದೆ ಬಂದು ನಿಲ್ಲುತ್ತದೆ. ಆ ಕಿವಿಗಳು ತೆಳ್ಳಗೆ, ಮೆತ್ತಗೆ, ಹಾಗೇ ಮಡಚಿಕೊಳ್ಳುತ್ತವೆ. ಒಮ್ಮೆ ತಲೆ ಕೊಡವಿದರೆ ಕೆಲಸ ಮುಗಿಯಿತು. ನಿಮ್ಮ ಕೈಯಲ್ಲಿ ಬರೀ ಹಗ್ಗ ಮತ್ತು ಬೆಲ್ಟ್.

ಅಂದರೆ ನಾಯಿ ಬಿಡಿಸಿಕೊಳ್ಳಲು ಅರ್ಧ ಸಹಾಯ ಮಾಡುವುದು ನಾವು ಎಳೆಯುವ ಹಗ್ಗವೇ. ನಾಯಿ ಹೆದರಿ ಹಿಂದೆ ಸರಿದರೆ ಎಳೆಯಬೇಡಿ. ಹಗ್ಗ ಸಡಿಲ ಬಿಟ್ಟು ನೀವೇ ಎರಡು ಹೆಜ್ಜೆ ಅದರ ಹತ್ತಿರ ಹೋಗಿ. ಹೊಸ ಬೆಲ್ಟ್ ಬರುವ ತನಕ ಇದೊಂದೇ ನಿಮ್ಮ ಕೈಲಿರುವ ಉಪಾಯ.

ಈಗ ಮಾರ್ಟಿಂಗೇಲ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಇದರಲ್ಲಿ ಎರಡು ಸುತ್ತು ಇರುತ್ತವೆ. ದೊಡ್ಡದು ಕೊರಳಿಗೆ. ಆ ದೊಡ್ಡ ಪಟ್ಟಿಯ ಎರಡೂ ತುದಿಗೆ ಒಂದೊಂದು ಉಂಗುರ, ಆ ಉಂಗುರಗಳೊಳಗೆ ತೂರಿಸಿದ ಇನ್ನೊಂದು ಚಿಕ್ಕ ಸುತ್ತು. ಹಗ್ಗದ ಕೊಕ್ಕೆ ಸಿಕ್ಕಿಸುವುದು ಈ ಚಿಕ್ಕ ಸುತ್ತಿಗೆ. ನಾಯಿ ಜಗ್ಗಿದಾಗ ಚಿಕ್ಕ ಸುತ್ತು ಹೊರಕ್ಕೆ ಬರುತ್ತದೆ, ಎರಡು ಉಂಗುರಗಳು ಹತ್ತಿರ ಬರುತ್ತವೆ, ಕೊರಳ ಸುತ್ತಿನ ಪಟ್ಟಿ ಬಿಗಿಯಾಗುತ್ತದೆ. ಜಗ್ಗುವುದು ನಿಂತರೆ ತಾನಾಗಿ ಸಡಿಲ. ಎರಡು ಉಂಗುರಗಳು ಒಂದಕ್ಕೊಂದು ತಾಗುವವರೆಗೆ ಮಾತ್ರ ಅದು ಬಿಗಿಯಾಗುತ್ತದೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಚೋಕ್ ಚೈನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಚಿಕ್ಕ ವ್ಯತ್ಯಾಸವಲ್ಲ. ಚೋಕ್ ಚೈನ್‌ಗೆ ಇಲ್ಲಿಗೆ ಸಾಕು ಅನ್ನುವ ಮಿತಿಯೇ ಇಲ್ಲ. ಎಳೆದಷ್ಟೂ ಬಿಗಿಯುತ್ತಾ ಹೋಗುತ್ತದೆ.

ಅಳತೆ ತಪ್ಪಿದರೆ ಮಾರ್ಟಿಂಗೇಲ್ ಕೂಡ ಪ್ರಯೋಜನಕ್ಕೆ ಬರುವುದಿಲ್ಲ. ಟೈಲರ್ ಟೇಪ್ ತೆಗೆದುಕೊಂಡು ಎರಡು ಕಡೆ ಅಳೆಯಿರಿ. ಮೊದಲನೆಯದು ಕಿವಿಯ ಹಿಂಭಾಗಕ್ಕೆ ತಾಗಿದಂತೆ, ಕೊರಳು ಎಲ್ಲಕ್ಕಿಂತ ಸಣ್ಣ ಇರುವ ಜಾಗ. ಎರಡನೆಯದು ತಲೆಯ ಅತಿ ಅಗಲ ಭಾಗದ ಸುತ್ತ. ಮೊದಲನೆಯದು 34 ಸೆಂಟಿಮೀಟರ್, ಎರಡನೆಯದು 38 ಅಂತ ಇಟ್ಟುಕೊಳ್ಳಿ. ಪೂರ್ತಿ ಸಡಿಲ ಬಿಟ್ಟಾಗ ಬೆಲ್ಟ್ 38ಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಇಲ್ಲದಿದ್ದರೆ ತಲೆಯ ಮೇಲಿಂದ ಹಾಕಲು ಆಗುವುದಿಲ್ಲ. ಪೂರ್ತಿ ಎಳೆದಾಗ, ಅಂದರೆ ಉಂಗುರಗಳು ತಾಗಿದಾಗ, 34ಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಹಾಕಿದ ಮೇಲೆ ಬೆಲ್ಟನ್ನು ಕಿವಿಯ ಹಿಂದೆ ತಂದು ಚಿಕ್ಕ ಸುತ್ತನ್ನು ಮೆಲ್ಲಗೆ ಎಳೆದು ನೋಡಿ. ಎರಡು ಉಂಗುರಗಳ ನಡುವೆ ಒಂದೆರಡು ಇಂಚು ಅಂತರ ಉಳಿಯಬೇಕು. ಉಂಗುರಕ್ಕೆ ಉಂಗುರ ತಾಗಿತು ಅಂದರೆ ಬೆಲ್ಟ್ ದೊಡ್ಡದಾಗಿದೆ, ಇನ್ನು ಬಿಗಿಯಲು ಅದಕ್ಕೆ ಜಾಗವಿಲ್ಲ, ನಾಯಿ ಮತ್ತೆ ನುಸುಳುತ್ತದೆ. ಈ ಪರೀಕ್ಷೆಯನ್ನು ಮನೆಯೊಳಗೆ ಬಾಗಿಲು ಹಾಕಿಕೊಂಡೇ ಮಾಡಿ, ರಸ್ತೆಯಲ್ಲಿ ಬೇಡ.

ಅಗಲ ಯಾಕೆ ಅಷ್ಟು ಬೇಕು ಅಂದರೆ, ಈ ನಾಯಿಗಳ ಕೊರಳ ಚರ್ಮ ತೆಳು, ಕೂದಲು ಗಿಡ್ಡ. ಅರ್ಧ ಇಂಚಿನ ಪಟ್ಟಿಯಾದರೆ ಜಗ್ಗುವ ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಅಗಲ ಪಟ್ಟಿಯಲ್ಲಿ ಅದು ಹಂಚಿಹೋಗುತ್ತದೆ. ಒಳಬದಿಗೆ ಮೆತ್ತನೆಯ ಬಟ್ಟೆ ಹೊಲಿದಿದ್ದರೆ ಇನ್ನೂ ಒಳ್ಳೆಯದು. ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಬ್ಯಾಗ್ ಹೊಲಿಯುವವರ ಹತ್ತಿರ ಹೋಗಿ. ನೈಲಾನ್ ಪಟ್ಟಿ ಅವರಲ್ಲೇ ಇರುತ್ತದೆ, ಗಟ್ಟಿ ಸ್ಟೀಲ್ ಉಂಗುರ ನೀವು ಕೊಡಿ, ಒಂದು ಫೋಟೋ ತೋರಿಸಿದರೆ ಹೊಲಿದು ಕೊಡುತ್ತಾರೆ. ಜೋಡಿಸುವ ಕಡೆ ಎರಡೆರಡು ಸಲ ಹೊಲಿಗೆ ಹಾಕಲು ಹೇಳಿ. ಚರ್ಮದ್ದು ನೋಡಲು ಚೆಂದ, ನಿಜ. ಆದರೆ ಮಳೆ ಜಾಸ್ತಿ ಇರುವ ಕಡೆ ಒದ್ದೆಯಾಗಿ ಬೂಸ್ಟು ಹಿಡಿಯುತ್ತದೆ.

ಒಂದು ಎಚ್ಚರಿಕೆ. ಮಾರ್ಟಿಂಗೇಲ್ ವಾಕಿಂಗ್‌ಗೆ ಮಾತ್ರ. ಆ ಚಿಕ್ಕ ಸುತ್ತು ಗೇಟಿನ ಸರಳಿಗೋ ಬೇಲಿಗೋ ಸಿಕ್ಕಿಕೊಂಡರೆ ಬೆಲ್ಟ್ ಬಿಗಿಯಾಗಿ ನಾಯಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಮನೆಗೆ ಬಂದ ತಕ್ಷಣ ತೆಗೆಯಿರಿ. ಅದಕ್ಕೆ ಸರಪಳಿ ಸಿಕ್ಕಿಸಿ ಕಟ್ಟಿಹಾಕುವುದಂತೂ ಬೇಡವೇ ಬೇಡ. ಮನೆಯಲ್ಲಿರುವಾಗ ಹಗುರವಾದ ಮಾಮೂಲಿ ಬಕಲ್ ಬೆಲ್ಟ್ ಸಾಕು, ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ. ಅದರಲ್ಲಿ ನಿಮ್ಮ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಇರಲಿ. ಜನ ಬಿಲ್ಲೆಯ ಮೇಲೆ ನಾಯಿಯ ಹೆಸರು ದೊಡ್ಡದಾಗಿ ಬರೆಸಿ ನಂಬರ್ ಬರೆಸುವುದನ್ನೇ ಮರೆಯುತ್ತಾರೆ. ಸಿಕ್ಕವರಿಗೆ ಬೇಕಿರುವುದು ನಂಬರ್ ಅಲ್ವಾ?

ಇನ್ನು ಕೆಮ್ಮಿನ ವಿಷಯ. ಬೆಲ್ಟ್ ಒತ್ತುವುದು ಶ್ವಾಸನಾಳದ ಮೇಲೆ, ಕೆಮ್ಮು ಬರುವುದು ಅದಕ್ಕೇ. ಒತ್ತಡ ಅಲ್ಲಿಗೇ ನಿಲ್ಲುವುದಿಲ್ಲ. ಕೊರಳ ಬೆಲ್ಟ್ ಎಳೆದಾಗ ನಾಯಿಯ ಕಣ್ಣೊಳಗಿನ ಒತ್ತಡ ಏರುತ್ತದೆ, ಎದೆಯ ಸುತ್ತ ಹಾಕುವ ಪಟ್ಟಿ, ಅಂದರೆ ಹಾರ್ನೆಸ್ ಹಾಕಿ ಎಳೆದಾಗ ಹಾಗೆ ಆಗುವುದಿಲ್ಲ ಎಂದು 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಹಾಗಾಗಿ ಮಾರ್ಟಿಂಗೇಲ್ ಹಾಕಿದ ಮೇಲೂ ಇಡೀ ದಾರಿ ಜಗ್ಗುತ್ತಲೇ ನಡೆಯುವ ನಾಯಿಗೆ ಹಾರ್ನೆಸ್ಸೇ ವಾಸಿ. ಬೆಲ್ಟ್ ಇಲ್ಲದಾಗಲೂ ಕೆಮ್ಮುತ್ತಿದ್ದರೆ ಅದು ಬೇರೆ ಸಮಸ್ಯೆ, ಪಶುವೈದ್ಯರಿಗೆ ತೋರಿಸಿ.

ಹಾರ್ನೆಸ್‌ನಲ್ಲೂ ಮುಧೋಳ ನಾಯಿಗೆ ಒಂದು ತೊಡಕಿದೆ. ಎದೆ ಆಳ, ಸೊಂಟ ಸಣ್ಣ. ಎರಡು ಪಟ್ಟಿಯ ಮಾಮೂಲಿ ಹಾರ್ನೆಸ್‌ನಿಂದಲೂ ಅದು ಹಿಂದಕ್ಕೆ ಸರಿದು ಹೊರಬರಬಲ್ಲದು. ಪಕ್ಕೆಲುಬು ಮುಗಿದ ಮೇಲೆ ಸೊಂಟದ ಹತ್ತಿರ ಮೂರನೆಯ ಪಟ್ಟಿ ಇರುವ ಹಾರ್ನೆಸ್ ಸಿಗುತ್ತದೆ, ಅದನ್ನು ತನ್ನಿ. ಉದ್ದಕ್ಕೆ ಬಿಟ್ಟುಕೊಳ್ಳುವ ಹಗ್ಗ ಬಳಸುವುದಾದರೂ ಹಾರ್ನೆಸ್‌ಗೇ ಸಿಕ್ಕಿಸಿ. ಈ ನಾಯಿ ಕೆಲವೇ ನೆಗೆತಕ್ಕೆ ಪೂರ್ತಿ ವೇಗಕ್ಕೆ ಬರುತ್ತದೆ. ಹಗ್ಗ ಮುಗಿದಾಗ ಬೀಳುವ ಆ ಹೊಡೆತ ಕೊರಳಿಗೆ ಬೀಳಬಾರದು.

ಇದೇ ಪ್ರಶ್ನೆಯನ್ನು ಪಗ್ ಸಾಕಿದವರು ಕೇಳಿದ್ದರೆ ನನ್ನ ಉತ್ತರ ಬೇರೆ. ಚಪ್ಪಟೆ ಮೂಗಿನ ನಾಯಿಗೆ ಉಸಿರಾಡುವುದೇ ಕಷ್ಟ, ಅದಕ್ಕೆ ಹಗ್ಗ ಯಾವತ್ತೂ ಹಾರ್ನೆಸ್‌ಗೇ. ಪೊಮೆರೇನಿಯನ್‌ಗೂ ಅಷ್ಟೇ, ಆ ಗಾತ್ರದ ನಾಯಿಗಳಲ್ಲಿ ಶ್ವಾಸನಾಳ ಕುಸಿಯುವ ಕಾಯಿಲೆ ಸಾಮಾನ್ಯ. ಬೀದಿಯಿಂದ ತಂದ, ಪುಕ್ಕಲು ಸ್ವಭಾವದ ನಾಯಿಗೆ ಮಾತ್ರ ನಿಮ್ಮ ನಾಯಿಗೆ ಹೇಳಿದ್ದೇ ಸರಿ. ಹಿಮಾಲಯದ ಕುರುಬರು ತಮ್ಮ ನಾಯಿಗಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುತ್ತಾರೆ, ಮುಳ್ಳು ಹೊರಮುಖವಾಗಿ. ಚಿರತೆ ಮೊದಲು ಬಾಯಿ ಹಾಕುವುದು ಕೊರಳಿಗೆ. ಅಲ್ಲಿನ ಅಗತ್ಯ ಅದು. ನಮ್ಮ ಅಂಗಡಿಗಳಲ್ಲಿ ಒಳಮುಖ ಮುಳ್ಳಿನ ಚೈನ್ ಮಾರುತ್ತಾರೆ. ಅದನ್ನು ಯಾರಿಗೂ ನಾನು ಹೇಳುವುದಿಲ್ಲ.

ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದೂ ಅಪರಾಧವೇ.

ಮರಿ ಇರುವವರಿಗೆ ಒಂದು ಮಾತು. ದೃಷ್ಟಿ ಆಗಬಾರದೆಂದು ಕೊರಳಿಗೆ ಕರಿದಾರ ಕಟ್ಟುತ್ತೀರಿ, ಗೆಜ್ಜೆ ಕಟ್ಟುತ್ತೀರಿ. ಬೀದಿ ಮರಿಗಳಿಗೆ ಮಕ್ಕಳು ಗೋಣಿದಾರ ಕಟ್ಟುತ್ತಾರೆ. ಮರಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ಕೂದಲಿನೊಳಗೆ ಮುಚ್ಚಿಹೋಗಿ ಚರ್ಮವನ್ನು ಕೊಯ್ಯುತ್ತಾ ಹೋಗುತ್ತದೆ. ವಾಸನೆ ಬಂದಾಗಲೇ ಗೊತ್ತಾಗುವುದು. ಮರಿಗೆ ಹಾಕಿದ್ದು ಏನೇ ಆಗಿರಲಿ, ವಾರಕ್ಕೊಮ್ಮೆ ಬೆರಳು ತೂರಿಸಿ ನೋಡಿ.

ಕೊನೆಗೆ ನಿಮ್ಮ ಉಣುಗಿನ ಬೆಲ್ಟ್. ಜೊತೆಗೆ ಹಾಕಬಹುದು. ಈ ಬೆಲ್ಟ್‌ನಲ್ಲಿರುವ ಔಷಧಿ ನಿಧಾನವಾಗಿ ಕೂದಲು, ಚರ್ಮದ ಮೇಲೆ ಹರಡುತ್ತದೆ. ಅದಕ್ಕೇ ಇದು ಚರ್ಮಕ್ಕೆ ತಾಗುವಂತಿರಬೇಕು, ಆದರೆ ಎರಡು ಬೆರಳಿನ ಸಡಿಲ ಇಲ್ಲಿಯೂ ಬೇಕು. ಉಳಿದ ತುದಿಯನ್ನು ಕತ್ತರಿಸಿ ಎಸೆಯಿರಿ, ಇಲ್ಲದಿದ್ದರೆ ಅದನ್ನೇ ಕಚ್ಚಿ ಜಗಿಯುತ್ತದೆ. ಇದಕ್ಕೆ ಹಗ್ಗ ಸಿಕ್ಕಿಸುವಂತಿಲ್ಲ. ಹಾಕಿದ ಮೊದಲ ವಾರ ಬೆಲ್ಟ್ ಎತ್ತಿ ನೋಡುತ್ತಿರಿ. ಚರ್ಮ ಕೆಂಪಾಗಿದ್ದರೆ, ಕೂದಲು ಉದುರಿದ್ದರೆ ತೆಗೆದು ಪಶುವೈದ್ಯರನ್ನು ಕೇಳಿ. ಮನೆಯಲ್ಲಿ ಬೆಕ್ಕೂ ಇದ್ದರೆ ಕೊಳ್ಳುವ ಮೊದಲೇ ಕೇಳಿ. ನಾಯಿಗೆಂದು ಮಾಡಿದ ಉಣುಗಿನ ಔಷಧಿಗಳಲ್ಲಿ ಪರ್ಮೆಥ್ರಿನ್, ಅಮಿಟ್ರಾಜ್‌ನಂಥವು ಬೆಕ್ಕಿಗೆ ವಿಷ. ಇನ್ನೊಂದು, ಈ ಬೆಲ್ಟ್ ಹಾಕಿದ್ದೀವಿ ಅಂತ ಸುಮ್ನೆ ಕೂರಬೇಡಿ. ಬಟ್ಟೆ ಬೆಲ್ಟಿನ ಅಡಿ, ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣುಗು ಅಡಗಿಕೊಳ್ಳುತ್ತದೆ. ವಾಕಿಂಗ್ ಮುಗಿಸಿ ಮಾರ್ಟಿಂಗೇಲ್ ತೆಗೆಯುವಾಗಲೇ ಅಲ್ಲೆಲ್ಲ ಒಮ್ಮೆ ಕೈಯಾಡಿಸಿ.