ಅಗ್ಗದ ಟೂಲ್ ಕೈಕೊಟ್ಟರೆ ಹಾಳಾಗುವುದು ಏನು?

ಕಾರಿನ ಕೆಲಸ ಕಲಿಯಲು ಶುರು ಮಾಡಿದವರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ: "ಸರ್, ಈ ಟೂಲ್ ಸೆಟ್ ಕಮ್ಮಿ ಬೆಲೆಗೆ ಸಿಗ್ತಿದೆ, ತಗೊಳ್ಳಲಾ?" ನಾನು ಬೆಲೆ ಎಷ್ಟು ಅಂತ ವಿಚಾರಿಸುವುದಿಲ್ಲ. ಕಂಪನಿ ಯಾವುದು ಅನ್ನುವುದನ್ನೂ ಆಮೇಲೆ ನೋಡೋಣ ಅನ್ನುತ್ತೇನೆ. ಕೆಲಸದ ನಡುವೆ ಈ ಟೂಲ್ ಕೈಕೊಟ್ಟರೆ ಹಾಳಾಗುವುದು ಏನು? ಬರೀ ಟೂಲಾ, ಗಾಡಿಯ ಪಾರ್ಟಾ, ಇಲ್ಲ ನಿಮ್ಮ ಮೈಯಾ? ಇದಕ್ಕೆ ಉತ್ತರ ಸಿಕ್ಕರೆ ಎಲ್ಲಿ ದುಡ್ಡು ಉಳಿಸಬಹುದು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಬರೀ ಟೂಲ್ ಹಾಳಾಗುವಂಥದ್ದಾದರೆ ಅಗ್ಗದ್ದನ್ನೇ ಕೊಳ್ಳಿ. ಹಳೇ ಆಯಿಲ್ ಹಿಡಿಯುವ ಟ್ರೇ, ಫನಲ್, ಬಿದ್ದ ಸ್ಕ್ರೂ ಎತ್ತುವ ಮ್ಯಾಗ್ನೆಟ್ ಕಡ್ಡಿ, ಡೋರ್ ಪ್ಯಾಡ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಗಳು, ವೈರ್ ಬ್ರಷ್. ಇವು ಮುರಿದರೆ ಇನ್ನೊಂದು ತಂದರಾಯಿತು.

ನಟ್ಟು, ಬೋಲ್ಟಿನ ತಲೆ ಮೇಲೆ ಬಟ್ಟಲಿನ ಹಾಗೆ ಕೂರಿಸಿ ತಿರುಗಿಸುವ ಸಾಕೆಟ್ಟಿನ ವಿಷಯ ಹಾಗಲ್ಲ. ಸಾಕೆಟ್ ಕೆಟ್ಟದ್ದಾದರೆ ನಟ್ಟಿನ ಮೂಲೆ ಸವೆಯುತ್ತದೆ. ಮೂಲೆ ಸವೆದ ನಟ್ಟನ್ನು ಬಿಚ್ಚುವುದು ಎಷ್ಟು ದೊಡ್ಡ ತಲೆನೋವು ಅಂತ ಒಮ್ಮೆ ಪಟ್ಟವರಿಗೇ ಗೊತ್ತು. ಹಾಗಂತ ಸಾಕೆಟ್ಟಿಗೆ ಸಿಕ್ಕಾಪಟ್ಟೆ ದುಡ್ಡು ಹಾಕಲೇಬೇಕು ಅಂತಲ್ಲ. ನೋಡಿ ಕೊಳ್ಳಬೇಕು, ಅಷ್ಟೆ. ಮೇಲೆ 'ಕ್ರೋಮ್ ವೆನೇಡಿಯಂ' ಅಂತ ಅಚ್ಚು ಇರುತ್ತದೆ. ಅದು ಯಾವ ಜಾತಿಯ ಉಕ್ಕು ಅಂತ ಹೇಳುತ್ತದೆ. ಆ ಉಕ್ಕನ್ನು ಕಾಯಿಸಿ ತಣಿಸಿ ಸರಿಯಾಗಿ ಹದ ಮಾಡಿದ್ದಾರಾ ಅಂತ ಹೇಳುವುದಿಲ್ಲ. ಹದ ತಪ್ಪಿ ಮೆತ್ತಗಾದರೆ ಸಾಕೆಟ್ಟಿನ ಬಾಯಿ ಅಗಲವಾಗುತ್ತದೆ. ತೀರಾ ಗಡಸಾದರೆ ಸೀಳಿ ಹೋಗುತ್ತದೆ.

ಅಂಗಡಿಯಲ್ಲಿ ನಿಂತು ಹದ ಪರೀಕ್ಷೆ ಮಾಡಲು ಆಗಲ್ಲ, ನಿಜ. ಆದರೆ ಸಾಕೆಟ್ಟಿನ ಬಾಯಿ ನೋಡಬಹುದು ಅಲ್ವಾ? ಬೆಳಕಿಗೆ ಹಿಡಿದು ಒಳಗೆ ನೋಡಿ. ಬೋಲ್ಟ್ ಸುಲಭವಾಗಿ ಒಳಗೆ ಜಾರಲಿ ಅಂತ ಬಾಯಿಯ ಅಂಚನ್ನು ಓರೆಯಾಗಿ ಕೊರೆದಿರುತ್ತಾರೆ. ಅಗ್ಗದ ಸಾಕೆಟ್ಟುಗಳಲ್ಲಿ ಈ ಓರೆ ಎಷ್ಟೋ ಸಲ ತುಂಬಾ ಆಳಕ್ಕೆ ಇರುತ್ತದೆ. ಆ ಓರೆ ಭಾಗ ಬೋಲ್ಟನ್ನು ಹಿಡಿಯುವುದೇ ಇಲ್ಲ. ಬೋಲ್ಟಿನ ತಲೆ ದಪ್ಪಗಿದ್ದರೆ ಹೇಗೋ ನಡೆಯುತ್ತದೆ. ತಲೆ ತೆಳ್ಳಗಿದ್ದರೆ ಸಾಕೆಟ್ಟಿಗೆ ಸಿಗುವ ಹಿಡಿತ ಅಂಚಿನಷ್ಟೇ, ಜೋರು ಹಾಕಿದ ಕೂಡಲೇ ಜಾರುತ್ತದೆ. ಓರೆ ಕಮ್ಮಿ ಇದ್ದು, ಒಳಗಿನ ಆರು ಮುಖಗಳು ಬಾಯಿಯ ಹತ್ತಿರದಿಂದಲೇ ಶುರುವಾಗಿದ್ದರೆ ಅದು ಒಳ್ಳೆಯ ಸಾಕೆಟ್. ಜೇಬಿನಲ್ಲಿ ಹೊಸ 10 ಮಿ.ಮೀ. ತಲೆಯ ಬೋಲ್ಟ್ ಒಂದನ್ನು ಇಟ್ಟುಕೊಂಡು ಹೋಗಿ. ಸಾಕೆಟ್ ಒಳಗೆ ಹಾಕಿ ಅತ್ತಿತ್ತ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಆಟ ಇರಲಿ, ಗಡಗಡ ಅಂದರೆ ಬೇಡ.

ಹನ್ನೆರಡು ಮೂಲೆಯ ಸಾಕೆಟ್ಟಿಗಿಂತ ಆರು ಮೂಲೆಯದ್ದು ಮೇಲು. ತುಕ್ಕು ಹಿಡಿದ ನಟ್ಟಿಗಂತೂ ಆರು ಮೂಲೆಯದ್ದೇ ಬೇಕು. ಇನ್ನು ನೂರು ಪೀಸ್, ನೂರೈವತ್ತು ಪೀಸ್ ಅನ್ನುವ ಲೆಕ್ಕಕ್ಕೆ ಮರುಳಾಗಬೇಡಿ. ಅದರಲ್ಲಿ ಅರ್ಧಕ್ಕರ್ಧ ಸ್ಕ್ರೂಡ್ರೈವರ್ ಬಿಟ್ಟುಗಳೇ ಇರಬಹುದು. ಪೆಟ್ಟಿಗೆ ತೆರೆದು ಸೈಜುಗಳನ್ನು ಸಾಲಾಗಿ ಓದಿ. 15, 16, 18 ಬಿಟ್ಟುಹೋದ ಸೆಟ್ಟುಗಳು ಬೇಕಾದಷ್ಟಿವೆ. ನಡುವೆ ಒಂದೂ ಬಿಡದ ಚಿಕ್ಕ ಸೆಟ್ಟೇ ನನ್ನ ಆಯ್ಕೆ.

ಒಂದು ಎಚ್ಚರಿಕೆ. ಹೊಳೆಯುವ ಕ್ರೋಮ್ ಸಾಕೆಟ್ಟನ್ನು ಇಂಪ್ಯಾಕ್ಟ್ ಗನ್ನಿಗೆ, ಅಂದರೆ ಬಡಿದು ಬಡಿದು ನಟ್ ತಿರುಗಿಸುವ ಯಂತ್ರಕ್ಕೆ, ಹಾಕಬೇಡಿ. ಅದು ಒಡೆದು ಚೂರು ಕಣ್ಣಿಗೆ ಹಾರಬಹುದು. ಗನ್ನಿಗೆ ಅಂತಲೇ ಕಪ್ಪು ಬಣ್ಣದ, ಗೋಡೆ ದಪ್ಪಗಿರುವ ಇಂಪ್ಯಾಕ್ಟ್ ಸಾಕೆಟ್ ಬರುತ್ತದೆ, ಸಾಮಾನ್ಯವಾಗಿ ಕ್ರೋಮ್ ಮಾಲಿಬ್ಡಿನಂ ಉಕ್ಕಿನದ್ದು.

ಬ್ರೇಕ್ ಪೈಪಿನ ನಟ್ಟಿಗೆ ಬಳಸುವ ಫ್ಲೇರ್ ನಟ್ ಸ್ಪ್ಯಾನರಿನಲ್ಲಿ ಮಾತ್ರ ನಾನು ದುಡ್ಡು ಉಳಿಸುವುದಿಲ್ಲ. ಸಾದಾ ಓಪನ್ ಸ್ಪ್ಯಾನರ್ ಆ ನಟ್ಟನ್ನು ಎರಡೇ ಕಡೆ ಹಿಡಿಯುತ್ತದೆ. ಫ್ಲೇರ್ ಸ್ಪ್ಯಾನರ್ ಸುತ್ತಲೂ ಅಪ್ಪಿ ಹಿಡಿದು ಪೈಪ್ ತೂರುವಷ್ಟು ಜಾಗ ಮಾತ್ರ ಬಿಡುತ್ತದೆ. ಅಗ್ಗದ್ದಾದರೆ ಆ ಸೀಳೇ ಬಾಯಿ ಬಿಟ್ಟುಕೊಳ್ಳುತ್ತದೆ. ನಟ್ ಹೋಯಿತು ಅಂದರೆ ಎಷ್ಟೋ ಸಲ ಪೈಪನ್ನೇ ಬದಲಿಸಬೇಕಾಗುತ್ತದೆ.

ನಟ್ಟನ್ನು ಇಷ್ಟೇ ಬಲದಲ್ಲಿ ಬಿಗಿ ಮಾಡಬೇಕು ಅಂತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಬಗ್ಗೆ ಜನರಿಗೆ ಅನುಮಾನ ಜಾಸ್ತಿ. ನನ್ನ ಅನುಭವದಲ್ಲಿ ಕಮ್ಮಿ ಬೆಲೆಯ ಕ್ಲಿಕ್ ರೆಂಚ್ (ಇಟ್ಟ ಅಂಕಿಯಷ್ಟು ಬಲ ಬಿದ್ದಾಗ ಕ್ಲಿಕ್ ಅನ್ನುವಂಥದ್ದು) ಚಕ್ರದ ನಟ್ಟಿಗೆ ಸಾಕು. ಒಳ್ಳೆಯ ರೆಂಚುಗಳೇ ಶೇಕಡಾ 4ರಷ್ಟು ಹೆಚ್ಚುಕಮ್ಮಿ ತೋರಿಸುತ್ತವೆ. ಕೊಂಡಿದ್ದು ಸರಿ ಇದೆಯಾ ಅಂತ ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ರೆಂಚಿನಲ್ಲಿ ಸಾಕೆಟ್ ಕೂರುವ ಚೌಕವನ್ನು ವೈಸಿಗೆ (ಮೇಜಿಗೆ ಬಿಗಿದಿರುವ ಇಕ್ಕಳಕ್ಕೆ) ಕಚ್ಚಿಸಿ, ಹಿಡಿಕೆ ಅಡ್ಡಲಾಗಿ ನಿಲ್ಲುವಂತೆ ಮಾಡಿ. ಚೌಕದ ನಡುವಿನಿಂದ ಹಿಡಿಕೆಯ ನಡುವಿನವರೆಗೆ ಅಳೆಯಿರಿ. ಅದು 40 ಸೆಂ.ಮೀ. ಇದ್ದು, ಅಲ್ಲಿ 20 ಕೆ.ಜಿ. ತೂಗುಹಾಕಿದರೆ ಸುಮಾರು 78 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಬೀಳುತ್ತದೆ. ರೆಂಚಿನ ಸ್ವಂತ ತೂಕ ಇನ್ನೆರಡು ಮೂರು ಸೇರಿಸುತ್ತದೆ. ರೆಂಚನ್ನು 70ಕ್ಕೆ ಇಟ್ಟಾಗ ಕ್ಲಿಕ್ ಆಗಬೇಕು, 90ಕ್ಕೆ ಇಟ್ಟಾಗ ಆಗಬಾರದು. ಇಷ್ಟು ಪಾಸಾದರೆ ಚಕ್ರಕ್ಕೆ ಧಾರಾಳವಾಗಿ ಬಳಸಿ, ಅಂಕಿ ಮಾತ್ರ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇದ್ದದ್ದೇ ಇರಲಿ. ಎಂಜಿನ್ ಹೆಡ್ ಬೋಲ್ಟಿಗೆ ಈ ಅಂದಾಜು ಸಾಲದು, ಅಲ್ಲಿ ಕ್ಯಾಲಿಬ್ರೇಟ್ ಮಾಡಿಸಿದ, ಅಂದರೆ ಅಳತೆ ಪರೀಕ್ಷಿಸಿ ಸರಿ ಮಾಡಿಸಿದ, ರೆಂಚೇ ಬೇಕು. ಕೆಲಸ ಮುಗಿದ ಮೇಲೆ ಯಾವುದೇ ಕ್ಲಿಕ್ ರೆಂಚನ್ನು ಸ್ಕೇಲಿನ ಕನಿಷ್ಠ ಅಂಕಿಗೆ ತಿರುಗಿಸಿ ಇಡಿ. ಅದರಲ್ಲಿ ನಟ್ ಬಿಚ್ಚಲು ಹೋಗಬೇಡಿ.

ಈಗ ಮೈಗೆ ಬರುವ ವಿಷಯ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ನುಸುಳಬೇಡಿ, ಜಾಕಿ ಎಷ್ಟೇ ದುಬಾರಿಯದ್ದಾಗಲಿ. ಒಳಗಿನ ಒಂದು ಸೀಲ್ ಹೋದರೆ ಸಾಕು, ಗಾಡಿ ಕೂತುಬಿಡುತ್ತದೆ. ಅದಕ್ಕೇ ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಗಾಡಿಯ ಭಾರ ಹೊರುವ ಕಬ್ಬಿಣದ ಕಾಲು, ಇರುವುದು. ಸ್ಟ್ಯಾಂಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದಲ್ಲಿ ಹಾರ್ಬರ್ ಫ್ರೈಟ್ ಎಂಬ ಟೂಲ್ ಕಂಪನಿ 2020ರಲ್ಲಿ ತಾನು ಮಾರಿದ್ದ ಲಕ್ಷಗಟ್ಟಲೆ ಜಾಕ್ ಸ್ಟ್ಯಾಂಡುಗಳನ್ನು ವಾಪಸ್ ಕರೆಸಿಕೊಂಡಿತು. ಎತ್ತರ ಹಿಡಿದಿಡುವ ಹಲ್ಲು ಸರಿಯಾಗಿ ಕಚ್ಚಿಕೊಳ್ಳದೆ ಭಾರಕ್ಕೆ ಜಾರಬಹುದು ಅನ್ನುವುದು ಕಾರಣ. ಬದಲಿಗೆ ಬಂದಿದ್ದ ಮಾದರಿಯಲ್ಲೂ ವೆಲ್ಡಿಂಗ್ ದೋಷ ಸಿಕ್ಕಿ, ಅದನ್ನೂ ವಾಪಸ್ ಕರೆಸಬೇಕಾಯಿತು.

ಅದಕ್ಕೇ ನಾನು ಹಲ್ಲಿನ ಜೊತೆ ಅಡ್ಡ ಪಿನ್ ಕೂಡ ಇರುವ ಸ್ಟ್ಯಾಂಡ್ ಕೊಳ್ಳಲು ಹೇಳುತ್ತೇನೆ. ಪೇಂಟಿನ ಕೆಳಗೆ ವೆಲ್ಡಿಂಗ್ ಗೆರೆ ಬೆರಳಿಗೆ ಒಂದೇ ಸಮ ಸಿಗಬೇಕು. ನಡುವೆ ತೂತು, ಬಿರುಕು ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಸ್ಟ್ಯಾಂಡ್ ಮೇಲೆ ಗಾಡಿ ಇಳಿಸಿದ ಮೇಲೆ ಪಕ್ಕದಿಂದ ಗಟ್ಟಿಯಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಬಿಚ್ಚಿದ ಚಕ್ರವನ್ನು ಗಾಡಿಯ ಚೌಕಟ್ಟಿನ ಕೆಳಗೆ ಮಲಗಿಸಿಟ್ಟರೆ ಇನ್ನೂ ಒಳ್ಳೆಯದು.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಅಗ್ಗದ್ದಾದರೂ 12 ವೋಲ್ಟಿನ ಕೆಲಸಕ್ಕೆ ಧಾರಾಳ. ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟಾಗ 12.6 ಆಸುಪಾಸು ತೋರಿಸಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ಇರಬೇಕು. ಇದನ್ನು ತಿಳಿಯಲು ದುಬಾರಿ ಮೀಟರ್ ಬೇಡ. ಆದರೆ ಅದೇ ಮೀಟರ್ ಹಿಡಿದು ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಗಾಡಿಯ ದೊಡ್ಡ ಬ್ಯಾಟರಿ ಕಡೆ ಹೋಗಬೇಡಿ. ಅಲ್ಲಿ ನೂರಾರು ವೋಲ್ಟ್ ಇರುತ್ತದೆ, ಕೇಬಲ್ ಕಿತ್ತಳೆ ಬಣ್ಣದಲ್ಲಿರುತ್ತದೆ. ಅದಕ್ಕೆ ತರಬೇತಿ ಪಡೆದವರು, ಅದಕ್ಕೆಂದೇ ಮಾಡಿದ ಮೀಟರು, ಕೈಗವಸು ಬೇಕು.