ಬೆರಳಿಗೆ ಫೆವಿಕ್ವಿಕ್ ಅಂಟಿದೆ, ಬ್ಲೇಡ್ ಹಾಕಬಹುದಾ?

ಪ್ರಶ್ನೆ: ಕಿತ್ತುಹೋದ ಚಪ್ಪಲಿ ಅಂಟಿಸಲು ಹೋಗಿ ಹೆಬ್ಬೆರಳು, ತೋರುಬೆರಳು ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಮನೆಯಲ್ಲಿ ಒಬ್ಬರು ಸೀಮೆಎಣ್ಣೆ ಹಚ್ಚು ಅಂತಾರೆ, ಇನ್ನೊಬ್ಬರು ಬ್ಲೇಡಿನಲ್ಲಿ ಬಿಡಿಸು ಅಂತಾರೆ. ಚರ್ಮ ಕಿತ್ತು ಬರದಂತೆ ಬಿಡಿಸುವುದು ಹೇಗೆ?

ಉತ್ತರ: ಬ್ಲೇಡನ್ನು ಎತ್ತಿಡಿ. ಸೀಮೆಎಣ್ಣೆ, ಪೆಟ್ರೋಲ್, ಪೇಂಟಿನವರ ಥಿನ್ನರ್ ಕೂಡ ಬೇಡ. ಅವು ಚರ್ಮವನ್ನು ಉರಿಸುತ್ತವೆ, ಈ ಕೆಲಸಕ್ಕೆ ಅವುಗಳ ಅಗತ್ಯವೂ ಇಲ್ಲ. ಇಂಥ ಪ್ರಸಂಗಗಳಲ್ಲಿ ಬೆರಳಿಗೆ ಗಾಯವಾಗುವುದು ಹೆಚ್ಚಾಗಿ ಅಂಟಿನಿಂದಲ್ಲ, ಗಾಬರಿಯಲ್ಲಿ ಎಳೆಯುವುದರಿಂದ.

ಯಾಕೆ ಅಂತ ನೋಡೋಣ. ಈ ಅಂಟಿನ ರಾಸಾಯನಿಕ ಹೆಸರು ಸೈನೋಅಕ್ರಿಲೇಟ್. ಫೆವಿಕಾಲ್ ನೀರು ಆರಿದಾಗ ಗಟ್ಟಿಯಾಗುತ್ತದೆ. ಇದು ತದ್ವಿರುದ್ಧ, ತೇವ ತಾಗಿದಾಗ ಗಟ್ಟಿಯಾಗುತ್ತದೆ. ಗಾಳಿಯಲ್ಲಿರುವ ಚೂರು ತೇವವೇ ಅದಕ್ಕೆ ಸಾಕು. ನಮ್ಮ ಬೆರಳಿನಲ್ಲಂತೂ ಬೆವರು ಯಾವಾಗಲೂ ಇದ್ದೇ ಇರುತ್ತದೆ. ಚಪ್ಪಲಿಗಿಂತ ಮೊದಲು ಬೆರಳೇ ಅಂಟುವುದು ಅದಕ್ಕೇ! ಆದರೆ ಅದು ಹಿಡಿದುಕೊಳ್ಳುವುದು ಚರ್ಮದ ಮೇಲ್ಮೈಯ ಸತ್ತ ಪದರವನ್ನು. ಆ ಪದರ ಹೇಗೂ ತಾನಾಗಿ ಉದುರುತ್ತಲೇ ಇರುತ್ತದೆ. ನೀವು ಏನೂ ಮಾಡದೆ ಸುಮ್ನೆ ಬಿಟ್ಟರೂ ಕೆಲವು ದಿನಗಳಲ್ಲಿ ಅಂಟು ಹೋಗುತ್ತದೆ.

ಎರಡು ಬೆರಳು ಕೂಡಿಕೊಂಡಿರುವಾಗ ಅಷ್ಟು ದಿನ ಕಾಯಲು ಆಗುವುದಿಲ್ಲ, ಅಲ್ವಾ? ಒಂದು ಬಟ್ಟಲಲ್ಲಿ ಕೈಗೆ ಹಿತವಾಗುವಷ್ಟು ಬಿಸಿ ನೀರು ತೆಗೆದುಕೊಂಡು ಸೋಪು ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ಬೆರಳುಗಳನ್ನು ಹತ್ತು ಹದಿನೈದು ನಿಮಿಷ ಮುಳುಗಿಸಿಡಿ. ಅಂಚು ಬೆಳ್ಳಗಾಗಿ ಸ್ವಲ್ಪ ಎದ್ದಂತೆ ಕಂಡರೆ ಎರಡೂ ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಹೊರಳಿಸಿ. ಚಮಚದ ಹಿಡಿಯನ್ನು ಅಂಚಿನಿಂದ ಒಳಗೆ ಉರುಳಿಸುತ್ತಾ ಹೋದರೆ ಇನ್ನೂ ಸುಲಭ. ನೇರವಾಗಿ ಎಳೆದರೆ ಇಡೀ ಅಂಟಿನ ಬಲವನ್ನು ಒಮ್ಮೆಗೇ ಎದುರಿಸಬೇಕು. ಅಂಚಿನಿಂದ ಸುಲಿದರೆ ಒಂದು ಸಲಕ್ಕೆ ಚೂರೇ ಚೂರು ಬಿಡಿಸಿದರೆ ಸಾಕು. ನೋವಾದರೆ ನಿಲ್ಲಿಸಿ, ಮತ್ತೆ ನೀರಿಗೆ ಹಾಕಿ.

ಇದಕ್ಕೂ ಬಗ್ಗದಿದ್ದರೆ ಅಸಿಟೋನ್. ಬೇರೆಲ್ಲೂ ಹುಡುಕಬೇಕಿಲ್ಲ, ಅನೇಕ ನೇಲ್ ಪಾಲಿಶ್ ರಿಮೂವರ್‌ಗಳಲ್ಲಿ ಇರುವುದು ಅದೇ. ಬಾಟಲಿಯ ಮೇಲೆ ಓದಿ ನೋಡಿ. ಅಸಿಟೋನ್ ಇಲ್ಲದ ರಿಮೂವರ್‌ಗಳೂ ಬರುತ್ತವೆ, ಅವುಗಳಿಂದ ಇಲ್ಲಿ ಅಂಥ ಉಪಯೋಗವಿಲ್ಲ. ಕೆಲವು ಹನಿಗಳನ್ನು ಅಂಟಿನ ಅಂಚಿಗೆ ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಅಂಟು ಮೆತ್ತಗಾಗುತ್ತಾ ಬಂದ ಹಾಗೆ ಹೊರಳಿಸಿ, ಮತ್ತೆ ಹನಿ ಹಾಕಿ. ಇದೂ ನಿಧಾನದ ಕೆಲಸವೇ. ಗ್ಯಾಸ್ ಒಲೆ, ದೇವರ ದೀಪ, ಬೀಡಿ ಸಿಗರೇಟು ಯಾವುದರ ಹತ್ತಿರವೂ ಬೇಡ, ಅಸಿಟೋನಿಗೆ ಬೇಗ ಬೆಂಕಿ ಹತ್ತುತ್ತದೆ. ಕಿಟಕಿ ತೆಗೆದಿಡಿ. ಕನ್ನಡಕದ ಪ್ಲಾಸ್ಟಿಕ್ ಫ್ರೇಮು, ಮೊಬೈಲ್ ಕವರು ದೂರ ಇರಲಿ, ಅವೂ ಕರಗಬಹುದು. ಚರ್ಮ ಒಡೆದಿದ್ದರೆ, ಗಾಯವಿದ್ದರೆ ಅಸಿಟೋನ್ ಬೇಡವೇ ಬೇಡ. ಚಿಕ್ಕ ಮಕ್ಕಳಿಗೂ ಸೋಪು ನೀರಲ್ಲೇ ಮುಗಿಸಿ. ಕೊನೆಗೆ ಕೈ ತೊಳೆದು ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿ, ಅಸಿಟೋನ್ ಚರ್ಮವನ್ನು ಬಹಳ ಒಣಗಿಸುತ್ತದೆ.

"ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತೇವಲ್ಲ, ಇದಕ್ಕೂ ಹಚ್ಚಿದರಾಯಿತು" ಅನ್ನುವವರಿದ್ದಾರೆ. ಅರ್ಧ ಸರಿ. ಹಲಸಿನ ಮೇಣ ಎಣ್ಣೆಯಲ್ಲಿ ಸಡಿಲವಾಗಿ ಬಿಟ್ಟುಕೊಡುತ್ತದೆ. ಸೈನೋಅಕ್ರಿಲೇಟ್ ಎಣ್ಣೆಯಲ್ಲಿ ಕರಗುವುದಿಲ್ಲ. ಆದರೆ ಅಂಚು ಎದ್ದ ಮೇಲೆ ಎಣ್ಣೆ ಸಂದಿಗೆ ಇಳಿದು ಜಾರಿಸಲು ಸಹಾಯ ಮಾಡುತ್ತದೆ. ಅಸಿಟೋನ್ ಮನೆಯಲ್ಲಿ ಇಲ್ಲದವರು, ಸೂಕ್ಷ್ಮ ಚರ್ಮದವರು ಸೋಪು ನೀರಿನ ನಂತರ ಎಣ್ಣೆಯನ್ನೇ ನೆಚ್ಚಿಕೊಳ್ಳಬಹುದು. ಸಮಯ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ವಿಷ ಮೈಗೆ ಇಳಿಯುತ್ತದೆ ಅನ್ನುವ ಭಯವೂ ಬೇಡ. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಅವರ ತಂಡ ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದೂಕಿನ ಗುರಿಕಿಂಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿತ್ತು. ಆಗ ಕೈಗೆ ಸಿಕ್ಕ ಈ ವಸ್ತುವನ್ನು, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂಬ ಕಾರಣಕ್ಕೇ ಪಕ್ಕಕ್ಕಿಟ್ಟರು. 1951ರಲ್ಲಿ ಮತ್ತೆ ಅದರ ಮೇಲೆ ಕಣ್ಣು ಬಿತ್ತು, 1958ರಲ್ಲಿ ಅಂಗಡಿಗೆ ಬಂತು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳ ರಕ್ತ ನಿಲ್ಲಿಸಲು ಇದನ್ನು ಸ್ಪ್ರೇ ಮಾಡಿದ್ದೂ ಉಂಟು. ಈಗ ಆಸ್ಪತ್ರೆಗಳಲ್ಲಿ ಹೊಲಿಗೆಯ ಬದಲು ಹಾಕುವ ಅಂಟು ಇದೇ ಕುಟುಂಬದ್ದು. ಹಾಗಂತ ಅಂಗಡಿಯ ಟ್ಯೂಬನ್ನು ಗಾಯಕ್ಕೆ ಹಾಕಬೇಡಿ. ಆಸ್ಪತ್ರೆಯದ್ದರ ರಾಸಾಯನಿಕ ರಚನೆ ಬೇರೆ, ಅದು ಮೈಗೆ ಸೌಮ್ಯ, ಶುದ್ಧೀಕರಿಸಿದ್ದೂ ಹೌದು.

ನಿಜವಾಗಿ ಹೆದರಬೇಕಾದ ವಿಷಯ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಹಸಿ ಅಂಟು ಚೆಲ್ಲಿದಾಗ ಹತ್ತಿಯಿಂದಲೋ ಕಾಟನ್ ಬಟ್ಟೆಯಿಂದಲೋ ಒರೆಸಬೇಡಿ. ಹತ್ತಿ ತಾಗಿದರೆ ಈ ಅಂಟು ಸರ್ರನೆ ಗಟ್ಟಿಯಾಗಿ ಬಿಸಿಯಾಗುತ್ತದೆ. ಅಂಟು ಜಾಸ್ತಿ ಇದ್ದರೆ ಹೊಗೆ ಬರಬಹುದು, ಚರ್ಮ ಸುಡಬಹುದು. ತೊಟ್ಟ ಪ್ಯಾಂಟಿನ ಮೇಲೆ ಚೆಲ್ಲಿದರೆ ಮೊದಲು ತಣ್ಣೀರು ಸುರಿಯಿರಿ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಕೀಳಬೇಡಿ, ಡಾಕ್ಟರ ಹತ್ತಿರ ಹೋಗಿ.

ತುಟಿ ಅಂಟಿದರೆ ಉಗುರುಬೆಚ್ಚಗಿನ ನೀರು ಹಚ್ಚುತ್ತಾ ಇರಿ, ಒಳಗಿನಿಂದ ನಾಲಿಗೆಯಲ್ಲಿ ಒದ್ದೆ ಮಾಡುತ್ತಾ ಇರಿ. ಬಾಯಿಯ ಹತ್ತಿರ ಅಸಿಟೋನ್ ತರಬೇಡಿ. ಕಣ್ಣಿಗೆ ಬಿದ್ದರೆ ಮನೆಮದ್ದು ಯಾವುದೂ ಬೇಡ. ಬೆಚ್ಚಗಿನ ನೀರಿನಿಂದ ತೊಳೆಯಿರಿ, ರೆಪ್ಪೆ ಅಂಟಿದ್ದರೆ ಬಲವಂತವಾಗಿ ತೆರೆಯಬೇಡಿ, ಒದ್ದೆ ಬಟ್ಟೆ ಮುಚ್ಚಿಕೊಂಡು ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣಿನ ಡ್ರಾಪ್ಸ್ ಅಂದುಕೊಂಡು ಅಂಟು ಹಾಕಿಕೊಂಡವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಹಳ ವರ್ಷಗಳಿಂದ ಬರುತ್ತಲೇ ಇವೆ. ಎರಡೂ ಪುಟ್ಟ ಬಾಟಲಿ, ಎರಡಕ್ಕೂ ಚೂಪು ಮೂತಿ. ಆದ್ದರಿಂದ ಅಂಟನ್ನು ಔಷಧಿ ಡಬ್ಬಿಯಲ್ಲಿ ಇಡಬೇಡಿ, ಸ್ಕ್ರೂಡ್ರೈವರ್ ಇರುವ ಡಬ್ಬಕ್ಕೆ ಹಾಕಿ.